ದೊಡ್ಡ ಸೂಪರ್‌ಮಾರ್ಕೆಟ್‌ನೋರು ಗಿರಾಕಿನ ಹೀಗೆ ನಡೆಸ್ಕೊಂಡ್ರೆ ಅವ್ರಿಗೆ ನಷ್ಟ ಆಗಲ್ವಾ?

ತುಂಗೆದಂಡೆ (ವಿನೋಬನಗರ, ಶಿವಮೊಗ್ಗ):

ಎಲ್ರಿಗೂ ನಮಸ್ಕಾರ. ನಮ್ಮ ಶಿವಮೊಗ್ಗದಲ್ಲಿ ಒಂದು ದೊಡ್ಡ ಚೈನ್‌ನ ಸೂಪರ್‌ಮಾರ್ಕೆಟ್ ಇದೆ, ಬೇರೆ ಬೇರೆ ರಾಜ್ಯದಲ್ಲೆಲ್ಲಾ ಅವ್ರ ಅಂಗಡಿ ಇವೆ. ಹೆಸರು ಹಾಕಲ್ಲ, ನಂಗೆ ಬೇಕಾಗಿರೋದು ಅವ್ರನ್ನ ಬೈಯೋದಲ್ಲ, ಒಂದು ವಿಷಯ ಅರ್ಥ ಆಗ್ಬೇಕು ಅಷ್ಟೆ.

ಅಮ್ಮ ಇರೋದು ಹೊಸನಗರದ ಹತ್ರ ಹಳ್ಳಿಲಿ. ಗೌರಿ ಹಬ್ಬಕ್ಕೆ ಮುಂಚೆ ಇಲ್ಲಿಗೆ ಬಂದಾಗ ಅದೇ ಅಂಗಡಿಲಿ ಮಿಕ್ಸಿ ತಗೊಂಡ್ರು. ಮನೆಗೆ ಹೋಗಿ ಕಾಯಿ ರುಬ್ಬೋಕೆ ಹಾಕಿದ್ರೆ ಜಾರ್ ಅಡಿಯಿಂದ ಸೋರ್ತಿದೆ. ತಿಂಗಳೂ ಆಗಿರ್ಲಿಲ್ಲ, ಬಿಲ್ ಇತ್ತು, ಡಬ್ಬನೂ ಇತ್ತು, ಆ ಮಳೇಲಿ ಬಸ್ ಹತ್ತಿ ವಾಪಸ್ ತಂದ್ರು. ಕೌಂಟರ್‌ನಲ್ಲಿದ್ದ ಹುಡುಗ ತಲೆ ಎತ್ತದೇ "ಸರ್ವಿಸ್ ಸೆಂಟರ್‌ಗೆ ಹೋಗಿ" ಅಂದ, ಸರ್ವಿಸ್ ಸೆಂಟರ್ ಎಲ್ಲಿದೆ ಅಂತ ಕೇಳಿದ್ರೆ ಅವನಿಗೂ ಗೊತ್ತಿಲ್ಲ. ಮ್ಯಾನೇಜರ್ ಕರೀರಿ ಅಂದ್ರೆ ಊಟಕ್ಕೆ ಹೋಗಿದಾರೆ. ಕೊನೆಗೆ ಬಿಲ್ ಹಿಂದೆ ಇದ್ದ ಕಸ್ಟಮರ್ ಕೇರ್ ನಂಬರ್‌ಗೆ ನಾನೇ ಫೋನ್ ಮಾಡಿದೆ, ಹಿಂದಿಗೆ ಒಂದು ಒತ್ತಿ ಇಂಗ್ಲಿಷ್‌ಗೆ ಎರಡು ಒತ್ತಿ ಅಂತ ಬರತ್ತೆ, ಕನ್ನಡ ಅನ್ನೋದೇ ಇಲ್ಲ. ಅಮ್ಮ ಒಬ್ರೇ ಇದ್ದಿದ್ರೆ ಆ ಫೋನಲ್ಲಿ ಏನು ಮಾಡ್ಬೇಕಿತ್ತು ಹೇಳಿ.

ಇದೊಂದೇ ಆಗಿದ್ರೆ ನಾನು ಇಲ್ಲಿ ಬರೀತಾನೂ ಇರ್ಲಿಲ್ಲ. ರ‍್ಯಾಕ್ ಮೇಲಿನ ಚೀಟಿಲಿ ಒಂದು ರೇಟು ಬಿಲ್‌ನಲ್ಲಿ ಇನ್ನೊಂದು ರೇಟು, ಕೇಳಿದ್ರೆ "ಸಿಸ್ಟಮ್‌ನಲ್ಲಿ ಹಾಗೇ ಇದೆ ಸರ್" ಅಂತಾರೆ. ಸಾಲಾಗಿ ಬಿಲ್ ಕೌಂಟರ್ ಇವೆ, ಓಪನ್ ಇರೋದು ಮಾತ್ರ ಎರಡೋ ಮೂರೋ, ಭಾನುವಾರ ಸಂಜೆ ಮಕ್ಕಳನ್ನ ಎತ್ಕೊಂಡು ಜನ ನಿಂತಿರ್ತಾರೆ. ಎಣ್ಣೆ ಎಲ್ಲಿದೆ ಅಂತ ಕೇಳಿದ್ರೆ "ನಾನು ಆ ಕಂಪನಿ ಅಲ್ಲ" ಅಂತ ಹೇಳಿ ಹೋಗ್ತಾರೆ, ಅಂಗಡಿ ಒಳಗೆ ಯೂನಿಫಾರಂ ಹಾಕ್ಕೊಂಡು ನಿಂತಿರೋರು ಹೀಗಂದ್ರೆ ಏನರ್ಥ.

ನಮ್ಮ ಭಾವ ಹೇಳ್ತಾರೆ, ನೀನೊಬ್ಬ ಹೋಗ್ಲಿಲ್ಲ ಅಂದ್ರೆ ಅವ್ರಿಗೆ ಏನೂ ಆಗಲ್ಲ, ಸಾವಿರಾರು ಕೋಟಿ ಕಂಪನಿ ಅದು ಅಂತ. ನನ್ನ ಪ್ರಶ್ನೆ ಅದೇ. ನಿಜವಾಗ್ಲೂ ಏನೂ ಆಗಲ್ವಾ? ಆಗೋದಾದ್ರೆ ಅಷ್ಟು ಓದಿರೋ ಜನ ನಡೆಸೋ ಕಂಪನಿಗೆ ಯಾಕೆ ಅದು ಕಾಣಲ್ಲ? ಇಂಥ ಕಡೆ ಕೆಲಸ ಮಾಡಿದೋರು, ಅಂಗಡಿ ಇಟ್ಟೋರು ಯಾರಾದ್ರೂ ಇದ್ರೆ ಹೇಳಿ.

---

ಸಾಗರದ_ಹುಡುಗ:

ಬೇಜಾರ್ ಮಾಡ್ಕೋಬೇಡಿ, ನಿಮ್ಮ ಭಾವ ಹೇಳಿದ್ದೇ ಸರಿ ಅನ್ಸತ್ತೆ ನಂಗೆ. ಜನ ನೋಡೋದು ರೇಟು. ಒಂದು ಕೆಜಿ ಬೇಳೆಗೆ ಹತ್ತು ರೂಪಾಯಿ ಕಡಿಮೆ ಅಂದ್ರೆ ಸಾಗರದಿಂದ ಶಿವಮೊಗ್ಗಕ್ಕೆ ಬೇರೆ ಕೆಲಸಕ್ಕೆ ಬಂದೋರೂ ಒಂದು ಚೀಲ ತುಂಬ್ಕೊಂಡೇ ಹೋಗೋದು. ನಾನೂ ಬೈಕೊಂಡು ಬೈಕೊಂಡೇ ಅಲ್ಲಿಗೆ ಹೋಗ್ತೀನಿ. ಡಿಮಾರ್ಟ್ ನೋಡಿ, ಯಾವ ಊರಿಗೆ ಹೋದ್ರೂ ಕ್ಯೂ, ಎಸಿ ಗಾಳಿ ಸರಿಯಾಗಿ ಬರಲ್ಲ, ಕೇಳೋಕೆ ಜನ ಇರಲ್ಲ, ಆದ್ರೂ ಬೆಳೀತಾನೇ ಇದಾರಲ್ಲ. ಸರ್ವಿಸ್‌ನಿಂದ ಕಂಪನಿ ಮುಳುಗತ್ತೆ ಅನ್ನೋದು ನಮಗೆ ನಾವೇ ಹೇಳ್ಕೊಳ್ಳೋ ಸಮಾಧಾನ.

---

ಹಳೇಸೇತುವೆ (ಭದ್ರಾವತಿ):

ನಾನು ಇಂಥದೇ ಒಂದು ಚೈನ್‌ನಲ್ಲಿ ಫ್ಲೋರ್ ಇನ್‌ಚಾರ್ಜ್ ಆಗಿದ್ದೆ, ಯಾವ್ದು ಅಂತ ಕೇಳ್ಬೇಡಿ. ಈಗ ಬಿಟ್ಟಿದೀನಿ. ತುಂಗೆದಂಡೆ ಅವ್ರು ಬರ್ದಿರೋ ಒಂದೊಂದು ವಿಷಯಕ್ಕೂ ಒಳಗೆ ಒಂದೊಂದು ಕಾರಣ ಇದೆ, ಹೊರಗಿಂದ ನೋಡೋರಿಗೆ ಕೌಂಟರ್‌ನಲ್ಲಿರೋ ಹುಡುಗಿ ಸೊಕ್ಕಿನವಳು ಅನ್ಸತ್ತೆ, ಹಾಗಲ್ಲ ಅದು.

ಮೊದಲು ಜಾರ್ ವಿಷಯ. ಡಿಫೆಕ್ಟ್ ಇರೋ ಮಾಲು ವಾಪಸ್ ತಗೊಂಡ್ರೆ ಅದನ್ನ ತಯಾರು ಮಾಡಿದ ಕಂಪನಿಗೆ ಕಳಿಸ್ಬೇಕು, ಅದಕ್ಕೊಂದಿಷ್ಟು ಮೇಲ್, ಫೋಟೋ, ಅಪ್ರೂವಲ್. ಅಪ್ರೂವಲ್ ಬರ್ಲಿಲ್ಲ ಅಂದ್ರೆ ಆ ಮಾಲು ನಮ್ಮ ಸ್ಟೋರ್‌ನ ಡ್ಯಾಮೇಜ್ ಲೆಕ್ಕಕ್ಕೆ ಸೇರತ್ತೆ. ಡ್ಯಾಮೇಜ್ ಜಾಸ್ತಿ ಆದ್ರೆ ಮ್ಯಾನೇಜರ್ ಇನ್ಸೆಂಟಿವ್ ಕಟ್. ಹಂಗಾಗಿ ಮ್ಯಾನೇಜರ್ ಬಾಯಲ್ಲಿ ಹೇಳ್ದೇ ಇದ್ರೂ ಎಲ್ಲ ಹುಡುಗರಿಗೂ ಗೊತ್ತಿರತ್ತೆ, ವಾಪಸ್ ತಂದೋರನ್ನ ಹೇಗಾದ್ರೂ ಮಾಡಿ ಸಾಗಹಾಕ್ಬೇಕು ಅಂತ. ನಿಮ್ಮ ಅಮ್ಮನಿಗೆ ಬದಲಿ ಜಾರ್ ಕೊಟ್ಟಿದ್ರೆ ಆ ನಾನ್ನೂರು ಐನೂರು ರೂಪಾಯಿ ಮ್ಯಾನೇಜರ್ ರಿಪೋರ್ಟ್‌ನಲ್ಲಿ ಕೆಂಪು ಅಕ್ಷರದಲ್ಲಿ ಕಾಣ್ತಿತ್ತು. ನಿಮ್ಮ ಅಮ್ಮ ಇನ್ಮೇಲೆ ಆ ಅಂಗಡಿ ಮೆಟ್ಟಿಲು ಹತ್ತಲ್ಲ ಅನ್ನೋದು ಯಾವ ರಿಪೋರ್ಟ್‌ನಲ್ಲೂ ಬರಲ್ಲ. ಇಡೀ ವಿಷಯ ಇರೋದೇ ಇಲ್ಲಿ.

ಲೆಕ್ಕ ಹಾಕಿ ನೋಡಿ. ಒಂದು ಮನೆಯವ್ರು ತಿಂಗಳಿಗೆ 6,000 ರೂಪಾಯಿ ಸಾಮಾನು ತಗೋತಾರೆ ಅಂತ ಇಟ್ಕೊಳ್ಳಿ, ವರ್ಷಕ್ಕೆ 72,000. ಹತ್ತು ವರ್ಷ ಬಂದ್ರೆ ಏಳು ಲಕ್ಷ ಚಿಲ್ಲರೆ. ಅದನ್ನ ಒಂದು ಜಾರ್‌ಗೆ ಬಿಟ್ಕೊಟ್ರು.

ಇನ್ನು ಬಿಲ್ ಕೌಂಟರ್. ಒಂದು ಸ್ಟೋರ್‌ಗೆ ಎಷ್ಟು ಜನ ಕೆಲಸಕ್ಕೆ ಇರ್ಬೇಕು ಅನ್ನೋದನ್ನ ಮೇಲಿನವ್ರು ಸೇಲ್ಸ್ ನೋಡಿ ತೀರ್ಮಾನ ಮಾಡ್ತಾರೆ, ಸೇಲ್ಸ್‌ನ ಇಂತಿಷ್ಟು ಪರ್ಸೆಂಟ್ ಸಂಬಳ, ಅದರ ಮೇಲೆ ಹೋಗೋ ಹಾಗಿಲ್ಲ. ಮಳೆಗಾಲದಲ್ಲಿ ನಮ್ಮ ಕಡೆ ವ್ಯಾಪಾರ ಇಳಿಯತ್ತೆ, ಇಡೀ ದಿನ ಮಳೆ ಹೊಡೀತಿದ್ರೆ ಯಾರು ಬರ್ತಾರೆ. ಆಗ ಜನ ಕಡಿಮೆ ಮಾಡ್ತಾರೆ. ಆಮೇಲೆ ಅಡಿಕೆ ಕೊಯ್ಲು ಶುರುವಾಗಿ ಕೈಯಲ್ಲಿ ದುಡ್ಡು ಓಡಾಡೋ ಹೊತ್ತಿಗೆ ತೀರ್ಥಹಳ್ಳಿ, ಕೊಪ್ಪ, ಹೊಸನಗರ ಎಲ್ಲಾ ಕಡೆಯಿಂದ ಕುಟುಂಬ ಸಮೇತ ಜೀಪ್ ಮಾಡ್ಕೊಂಡು ಬರ್ತಾರೆ, ಮದುವೆ ಸಾಮಾನು, ಪಾತ್ರೆ, ಬಟ್ಟೆ, ವರ್ಷದ ಖರೀದಿ. ನಮ್ಮ ಹತ್ರ ಆಗ ಕೂರಿಸೋಕೆ ಕ್ಯಾಶಿಯರ್ ಇಲ್ಲ. ಹೊಸಬರನ್ನ ಕೇಳಿದ್ರೆ ಅಪ್ರೂವಲ್ ಬರೋ ಹೊತ್ತಿಗೆ ಸೀಸನ್ ಮುಗಿದಿರತ್ತೆ, ಯಾಕಂದ್ರೆ ಅಲ್ಲಿ ಮುಂಬೈಲೋ ಬೆಂಗಳೂರಲ್ಲೋ ಕೂತಿರೋರಿಗೆ ಸೀಸನ್ ಅಂದ್ರೆ ದೀಪಾವಳಿ ವಾರ ಒಂದೇ, ಅಡಿಕೆ ಅನ್ನೋದು ಅವ್ರ ಎಕ್ಸೆಲ್ ಶೀಟಲ್ಲಿ ಇಲ್ಲ.

ಜನ ಕಡಿಮೆ ಆದ್ರೆ ಮೊದಲು ಕೆಡೋದು ರೇಟು ಚೀಟಿ. ರೇಟು ಬದಲಾದ ಪಟ್ಟಿ ಹೆಡ್ ಆಫೀಸಿಂದ ಬರತ್ತೆ, ಕಂಪ್ಯೂಟರ್‌ನಲ್ಲಿ ತನ್ನಿಂದ ತಾನೇ ಅಪ್‌ಡೇಟ್ ಆಗತ್ತೆ, ರ‍್ಯಾಕ್ ಮೇಲಿನ ಚೀಟಿ ಮಾತ್ರ ಮನುಷ್ಯರೇ ಪ್ರಿಂಟ್ ಹಾಕಿ ಅಂಗಡಿ ಬಾಗಿಲು ತೆಗೆಯೋಕೆ ಮುಂಚೆ ಬದಲಾಯಿಸ್ಬೇಕು. ಇರೋ ನಾಲ್ಕು ಜನರಲ್ಲಿ ಇಬ್ರು ಲಾರಿ ಅನ್‌ಲೋಡ್‌ಗೆ ಹೋದ್ರೆ ಚೀಟಿ ಯಾರು ಬದಲಾಯಿಸ್ತಾರೆ? ಗಿರಾಕಿ ಬಂದು ಚೀಟಿ ತೋರಿಸಿ ಕೇಳ್ತಾನೆ, ಕ್ಯಾಶಿಯರ್ ಹುಡುಗಿಗೆ ಬಿಲ್‌ನಿಂದ ಒಂದು ಐಟಂ ತೆಗೆಯೋಕೂ ಅಧಿಕಾರ ಇಲ್ಲ, ಸೂಪರ್‌ವೈಸರ್ ಬಂದು ಕಾರ್ಡ್ ಉಜ್ಜಬೇಕು, ಸೂಪರ್‌ವೈಸರ್ ಗೋಡೌನ್‌ನಲ್ಲಿ. ಹಿಂದೆ ಕ್ಯೂನಲ್ಲಿ ಇರೋರು ಗೊಣಗೋಕೆ ಶುರು. ಬೆಳಗಿನಿಂದ ನಿಂತೇ ಇರೋ ಹುಡುಗಿ ಅವಳು, ನಮ್ಮಲ್ಲಿ ಕ್ಯಾಶಿಯರ್‌ಗೆ ಕುರ್ಚಿ ಇರ್ಲಿಲ್ಲ. ಕೇರಳದಲ್ಲಿ 2018ರಲ್ಲಿ, ತಮಿಳುನಾಡಲ್ಲಿ 2021ರಲ್ಲಿ ಅಂಗಡಿ ಕೆಲಸದೋರಿಗೆ ಕೂರೋಕೆ ವ್ಯವಸ್ಥೆ ಮಾಡ್ಲೇಬೇಕು ಅಂತ ಕಾನೂನೇ ತಂದ್ರು, ಅಂದ್ರೆ ಕಾನೂನು ಮಾಡೋ ತನಕ ಯಾರಿಗೂ ಅದು ಹೊಳೀಲಿಲ್ಲ ಅಂತಾಯ್ತಲ್ಲ. ಕಾಲು ನೋವಲ್ಲಿ ನಿಂತೋಳ ಹತ್ರ ನಗು ಕೇಳೋದು ಅನ್ಯಾಯ ಕಣ್ರೀ.

ಎಣ್ಣೆ ಎಲ್ಲಿದೆ ಅಂತ ಕೇಳಿದ್ದಕ್ಕೆ "ನಾನು ಆ ಕಂಪನಿ ಅಲ್ಲ" ಅಂದಿದ್ದು ಬ್ರ್ಯಾಂಡ್‌ನವ್ರು ಇಟ್ಟಿರೋ ಪ್ರಮೋಟರ್. ಸೋಪಿನ ಕಂಪನಿ, ಬಿಸ್ಕತ್ ಕಂಪನಿಯವ್ರು ತಮ್ಮ ಮಾಲು ಮಾರೋಕೆ ಅವ್ರೇ ಸಂಬಳ ಕೊಟ್ಟು ನಿಲ್ಲಿಸೋದು. ಸ್ಟೋರ್‌ನವ್ರಿಗೆ ಖರ್ಚಿಲ್ದೇ ಜನ ಸಿಕ್ತು ಅಂತ ಖುಷಿ. ಗಿರಾಕಿಗೆ ಅದೆಲ್ಲಾ ಹೇಗೆ ಗೊತ್ತಾಗ್ಬೇಕು, ಅಂಗಡಿ ಒಳಗೆ ಇರೋರೆಲ್ಲಾ ಅಂಗಡಿಯವ್ರೇ ಅವ್ರಿಗೆ.

ಹೀಗೆ ಆಗ್ತಾ ಆಗ್ತಾ ಸೇಲ್ಸ್ ಇಳಿಯತ್ತೆ, ಇಳೀತು ಅಂತ ಇನ್ನೂ ಇಬ್ಬರನ್ನ ತೆಗೀತಾರೆ, ಇನ್ನೂ ಇಳಿಯತ್ತೆ. ಕೊನೆಗೆ ರಿವ್ಯೂ ಮೀಟಿಂಗ್‌ನಲ್ಲಿ "ಶಿವಮೊಗ್ಗ ಮಾರ್ಕೆಟ್ ವೀಕ್" ಅಂತ ಒಂದು ಸಾಲು. ಮಾರ್ಕೆಟ್ ವೀಕ್ ಅಲ್ಲ, ಅಡಿಕೆ ರೇಟು ಚೆನ್ನಾಗಿರೋ ವರ್ಷ ಗಾಂಧಿ ಬಜಾರ್‌ನಲ್ಲಿ ಕಾಲಿಡೋಕೆ ಜಾಗ ಇರಲ್ಲ.

---

ಮೇಷ್ಟ್ರು_ತೀರ್ಥಹಳ್ಳಿ:

ಹಳೇಸೇತುವೆ ಅವ್ರು ಹೇಳಿದ್ದು ನೂರಕ್ಕೆ ನೂರು ನಿಜ. ನಾನು ಕಾಮರ್ಸ್ ಪಾಠ ಮಾಡೋನು, ಮಕ್ಕಳಿಗೆ ಹೇಳೋ ಒಂದೆರಡು ಉದಾಹರಣೆ ಇಲ್ಲೂ ಹೇಳ್ತೀನಿ, ಸಾಗರದ ಹುಡುಗನಿಗೂ ಉತ್ತರ ಆಗತ್ತೆ.

ಅಮೆರಿಕದಲ್ಲಿ ಸರ್ಕಿಟ್ ಸಿಟಿ ಅಂತ ಟೀವಿ, ಕಂಪ್ಯೂಟರ್ ಮಾರೋ ಬಹಳ ದೊಡ್ಡ ಚೈನ್ ಇತ್ತು. 2007ರ ಮಾರ್ಚ್‌ನಲ್ಲಿ ಖರ್ಚು ಉಳಿಸೋಕೆ ಅಂತ ಸುಮಾರು 3,400 ಜನ ಅಂಗಡಿ ಕೆಲಸದೋರನ್ನ ಒಂದೇ ಸಲ ತೆಗೆದ್ರು. ಕೆಲಸ ಸರಿ ಮಾಡ್ತಿಲ್ಲ ಅಂತಲ್ಲ, ಸಂಬಳ ಮಾರ್ಕೆಟ್ ರೇಟ್‌ಗಿಂತ ಜಾಸ್ತಿ ಆಯ್ತು ಅಂತ. ಸಂಬಳ ಜಾಸ್ತಿ ಇದ್ದೋರು ಯಾರು, ಹಳಬರು, ಮಾಲಿನ ಬಗ್ಗೆ ಗೊತ್ತಿದ್ದೋರು. ಅಷ್ಟು ದುಡ್ಡು ಹಾಕಿ ಟೀವಿ ತಗೊಳ್ಳೋಕೆ ಬಂದವನಿಗೆ ಬೇಕಾಗಿದ್ದೇ ಅವ್ರ ಮಾತು. 2008ರ ನವೆಂಬರ್‌ನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕ್ತು, 2009ರ ಮಾರ್ಚ್ ಹೊತ್ತಿಗೆ ಉಳಿದಿದ್ದ 567 ಅಂಗಡಿನೂ ಮುಚ್ಚಿದ್ರು. ಆ ವರ್ಷ ಅಲ್ಲಿ ಆರ್ಥಿಕ ಕುಸಿತ ಇತ್ತು, ಸಾಲ ಸಿಗ್ತಿರ್ಲಿಲ್ಲ, ಪೈಪೋಟಿ ಇತ್ತು, ಅದೆಲ್ಲಾ ಸೇರಿ ಆಗಿದ್ದು, ಬರೀ ಸರ್ವಿಸ್ ಅಂತ ಹೇಳೋಕೆ ಬರಲ್ಲ. ಆದ್ರೆ ಅದೇ ಕುಸಿತದಲ್ಲಿ ಅವ್ರ ಎದುರಾಳಿ ಬೆಸ್ಟ್ ಬೈ ಉಳ್ಕೊಂಡ್ತು ಅನ್ನೋದನ್ನೂ ಮರೀಬಾರ್ದು.

ಇನ್ನೊಂದು ಹೋಮ್ ಡಿಪೋ, ಮನೆ ಕಟ್ಟೋ ಸಾಮಾನು, ಪೇಂಟು, ಪೈಪು, ಮೊಳೆ ಎಲ್ಲಾ ಸಿಗೋ ಚೈನ್. ಅಲ್ಲಿ ಮೊದಲೆಲ್ಲಾ ನಲ್ಲಿ ರಿಪೇರಿ ಹೇಗೆ ಅಂತ ಕೇಳಿದ್ರೆ ಹೇಳ್ಕೊಡೋಕೆ ಪ್ಲಂಬಿಂಗ್ ಗೊತ್ತಿರೋರೇ ಇರ್ತಿದ್ರು. 2000ದ ಕೊನೆಗೆ ಬಾಬ್ ನಾರ್ಡೆಲ್ಲಿ ಅನ್ನೋರು ಮುಖ್ಯಸ್ಥರಾಗಿ ಬಂದು ಖರ್ಚಿಗೆ ಕತ್ತರಿ ಹಾಕಿದ್ರು, ಪಾರ್ಟ್ ಟೈಮ್ ಜನ ಜಾಸ್ತಿ ಮಾಡಿದ್ರು. ಲಾಭದ ಅಂಕಿ ಚೆನ್ನಾಗೇ ಕಾಣ್ತಿತ್ತು, ಗಿರಾಕಿಗಳ ತೃಪ್ತಿ ಸಮೀಕ್ಷೆಲಿ ಮಾತ್ರ ಕಂಪನಿ ಕೆಳಗೆ ಕೆಳಗೆ ಹೋಯ್ತು. 2007ರ ಜನವರಿಲಿ ಅವ್ರು ಹೊರಗೆ ಹೋದ್ರು, ಆಮೇಲೆ ಬಂದ ಫ್ರಾಂಕ್ ಬ್ಲೇಕ್ ಮತ್ತೆ ಅಂಗಡಿ ಕೆಲಸದೋರ ಕಡೆ ಗಮನ ಕೊಟ್ರು. ಇದನ್ನ ಯಾಕೆ ಹೇಳ್ದೆ ಅಂದ್ರೆ, ತುಂಗೆದಂಡೆ ಅವ್ರು ಕೇಳಿದ್ರಲ್ಲ ಓದಿರೋ ಜನಕ್ಕೆ ಯಾಕೆ ಕಾಣಲ್ಲ ಅಂತ, ಕಾರಣ ಇದೇ. ಸಂಬಳ ಉಳಿಸಿದ್ದು ಈ ತಿಂಗಳ ಲೆಕ್ಕದಲ್ಲೇ ಕಾಣತ್ತೆ. ಗಿರಾಕಿ ಬಿಟ್ಟು ಹೋಗಿದ್ದು ಕಾಣೋಕೆ ವರ್ಷಗಳು ಬೇಕು, ಅಷ್ಟು ಹೊತ್ತಿಗೆ ಉಳಿಸಿದವ್ರಿಗೆ ಪ್ರಮೋಷನ್ ಆಗಿ ಬೇರೆ ಕಡೆ ಹೋಗಿರ್ತಾರೆ.

ಉಲ್ಟಾ ಉದಾಹರಣೆನೂ ಇದೆ. ವಾಲ್‌ಮಾರ್ಟ್‌ಗಿಂತ ದೊಡ್ಡ ಅಂಗಡಿ ಚೈನ್ ಇನ್ನೊಂದಿಲ್ಲ, ರೇಟು ಕಡಿಮೆ ಅನ್ನೋದರ ಮೇಲೇ ನಿಂತಿರೋ ಕಂಪನಿ. ಅವ್ರದೇ ಅಳತೆಲಿ 2015ರ ಆರಂಭದಲ್ಲಿ ಗಿರಾಕಿ ಸೇವೆಯ ಗುರಿ ಮುಟ್ಟಿದ್ದ ಅಂಗಡಿಗಳು ಶೇ. 16 ಮಾತ್ರ. ಆ ವರ್ಷ ಏಪ್ರಿಲ್‌ನಿಂದ ಅಮೆರಿಕದ ಅಂಗಡಿಗಳಲ್ಲಿ ಕನಿಷ್ಠ ಸಂಬಳ ಗಂಟೆಗೆ 9 ಡಾಲರ್ ಮಾಡಿದ್ರು, ಮುಂದಿನ ವರ್ಷ 10, ಜೊತೆಗೆ ಟ್ರೈನಿಂಗ್. 2016ರಲ್ಲಿ ಗುರಿ ಮುಟ್ಟಿದ ಅಂಗಡಿಗಳು ಶೇ. 75 ಆದ್ವು. ರೇಟು ಒಂದೇ ಸಾಕು ಅಂತಿದ್ರೆ ವಾಲ್‌ಮಾರ್ಟ್‌ನೋರು ಸಂಬಳಕ್ಕೆ ಯಾಕೆ ಅಷ್ಟು ದುಡ್ಡು ಹಾಕ್ತಿದ್ರು ಹೇಳಿ.

---

ಸಾಗರದ_ಹುಡುಗ:

ಸರ್ ಒಪ್ಪಿದೆ, ಆದ್ರೆ ಎಲ್ಲಾ ಅಮೆರಿಕದ್ದೇ ಆಯ್ತಲ್ಲ. ನಮ್ಮ ಕಡೆ ಸುಭಿಕ್ಷಾ ಅಂತ ದಿನಸಿ ಅಂಗಡಿ ಚೈನ್ ಇತ್ತು, ಅದೂ ಸರ್ವಿಸ್‌ನಿಂದಾನೇ ಹೋಯ್ತಾ? ಡಿಮಾರ್ಟ್ ವಿಷಯ ಏನು ಹಾಗಾದ್ರೆ?

---

ಮೇಷ್ಟ್ರು_ತೀರ್ಥಹಳ್ಳಿ:

ಸುಭಿಕ್ಷಾ ಹೋಗಿದ್ದು ದುಡ್ಡಿಲ್ದೇ. 1997ರಲ್ಲಿ ಚೆನ್ನೈನಲ್ಲಿ ಶುರುವಾಗಿ ಹತ್ತು ಹನ್ನೆರಡು ವರ್ಷದಲ್ಲಿ ದೇಶದ ತುಂಬಾ ಸುಮಾರು 1,600 ಅಂಗಡಿ ಮಾಡಿದ್ರು, ಕೈಲಿ ದುಡ್ಡು ಖಾಲಿಯಾಗಿ 2009ರಲ್ಲಿ ಮುಚ್ಚಿತು. ಅದನ್ನ ಸರ್ವಿಸ್ ಲೆಕ್ಕಕ್ಕೆ ಹಾಕೋದು ತಪ್ಪು. ಕಾರಣ ಏನೇ ಇದ್ರೂ ಗಿರಾಕಿಗೆ ಕಾಣೋದು ಖಾಲಿ ರ‍್ಯಾಕು, ಖಾಲಿ ರ‍್ಯಾಕ್ ಕಂಡ ಮೇಲೆ ಮತ್ತೆ ಬಾ ಅಂದ್ರೂ ಬರಲ್ಲ, ಅಷ್ಟು ಮಾತ್ರ ಹೇಳ್ಬಹುದು.

ಡಿಮಾರ್ಟ್ ಬೇರೆ ಥರ. ರಾಧಾಕಿಶನ್ ದಮಾನಿ 2002ರಲ್ಲಿ ಮುಂಬೈನ ಪೊವಾಯಿಲಿ ಮೊದಲ ಅಂಗಡಿ ತೆಗೆದಾಗಿನಿಂದ ಅವ್ರು ಹೇಳ್ತಿರೋದು ಒಂದೇ, ದಿನಬಳಕೆ ಸಾಮಾನು ಕಡಿಮೆ ರೇಟಿಗೆ. ಬಾಡಿಗೆ ಕೊಡೋ ಬದಲು ಬಹಳಷ್ಟು ಜಾಗ ಸ್ವಂತಕ್ಕೇ ತಗೊಂಡ್ರು, ಸಪ್ಲೈಯರ್‌ಗೆ ಬೇಗ ದುಡ್ಡು ಕೊಟ್ಟು ರೇಟು ಇಳಿಸ್ಕೊಂಡ್ರು. ಝಗಮಗ ಇಲ್ಲ ಅಂತ ಜನಕ್ಕೆ ಮೊದಲೇ ಗೊತ್ತು, ಕ್ಯೂ ನಿಲ್ಲೋಕೆ ತಯಾರಾಗೇ ಹೋಗ್ತಾರೆ. ಕಡಿಮೆ ಸವಲತ್ತು ಬೇರೆ, ಕೆಟ್ಟ ಸರ್ವಿಸ್ ಬೇರೆ ಅಲ್ವಾ. ಚೀಟಿಲಿ ಒಂದು ಬಿಲ್‌ನಲ್ಲಿ ಇನ್ನೊಂದು ಅನ್ನೋದು ಸವಲತ್ತಿನ ಕೊರತೆ ಅಲ್ಲ, ಅದು ಮಾತಿಗೆ ತಪ್ಪೋದು. ರೇಟು ಕಡಿಮೆ ಅಂತ ನಂಬಿಸಿ ಕರೆಯೋ ಅಂಗಡಿಗೆ ಆ ನಂಬಿಕೆ ಹೋದ್ರೆ ಉಳಿಯೋದು ಏನು?

---

ದುರ್ಗಿಗುಡಿ_ದಿನಸಿ:

ನಮ್ದು ಅಪ್ಪನ ಕಾಲದ ದಿನಸಿ ಅಂಗಡಿ. ಆ ಕಡೆಯಿಂದ ಬೇಜಾರಾಗಿ ಬರೋ ಗಿರಾಕಿ ಹೇಗಿರ್ತಾರೆ ಅಂತ ನಾನು ಹೇಳ್ಬಲ್ಲೆ, ಯಾಕಂದ್ರೆ ಅವ್ರು ಬರೋದು ನಮ್ಮ ಹತ್ರನೇ.

ಬೇಜಾರಾದೋರು ಪೂರ್ತಿ ಬಿಟ್ಟು ಬರೋದು ಕಡಿಮೆ. ಬರೋ ರೀತಿ ಬದಲಾಗತ್ತೆ. ಮೊದಲು ತಿಂಗಳ ಪೂರ್ತಿ ಪಟ್ಟಿ ಅಲ್ಲೇ ಮುಗಿಸ್ತಿದ್ದೋರು ಈಗ ಪೇಪರ್‌ನಲ್ಲಿ ಆಫರ್ ನೋಡ್ಕೊಂಡು ಹೋಗಿ ಸಕ್ಕರೆ, ಎಣ್ಣೆ, ಒಂದಕ್ಕೊಂದು ಫ್ರೀ ಇರೋ ಸರ್ಫು ಅಷ್ಟನ್ನೇ ತಗೊಂಡು ಬರ್ತಾರೆ. ಅಕ್ಕಿ, ಬೇಳೆ, ಒಣಮೆಣಸಿನಕಾಯಿ, ಗೋಡಂಬಿ ದ್ರಾಕ್ಷಿ, ಪೂಜೆ ಸಾಮಾನು ನಮ್ಮ ಹತ್ರ. ವ್ಯಾಪಾರ ಮಾಡೋರಿಗೆ ಗೊತ್ತು, ಆಫರ್ ಸಕ್ಕರೆಲಿ ಲಾಭ ಅನ್ನೋದೇ ಇರಲ್ಲ, ಅದು ಜನ ಕರೆಯೋಕೆ ಇಡೋದು. ದೊಡ್ಡ ಅಂಗಡಿಯವ್ರಿಗೆ ದುಡ್ಡು ಉಳಿಯೋದು ಸಕ್ಕರೆಗೆ ಬಂದೋರು ಹಾಗೇ ಒಳಗೆ ಸುತ್ತಿ ಒಂದು ಸ್ಟೀಲ್ ಡಬ್ಬ, ಒಂದು ಟವೆಲ್, ಮಗುಗೊಂದು ಅಂಗಿ ಅಂತ ಗಾಡಿಗೆ ಹಾಕ್ಕೊಂಡಾಗ. ಬೇಜಾರಾದೋರು ಸುತ್ತಲ್ಲ. ಬೇಕಾಗಿದ್ದು ಎತ್ಕೊಂಡು ಸೀದಾ ಹೊರಗೆ. ಸಾಗರದ ಹುಡುಗ ಬೈಕೊಂಡು ಬೈಕೊಂಡೇ ಹೋಗ್ತೀನಿ ಅಂದ್ರಲ್ಲ, ಅವ್ರ ಬಿಲ್ ನೋಡಿದ್ರೆ ನಾನು ಹೇಳಿದ್ದು ಗೊತ್ತಾಗತ್ತೆ. ಅಂಗಡಿ ಮುಂದೆ ಗಾಡಿ ಪಾರ್ಕಿಂಗ್ ಫುಲ್, ಒಳಗೆ ಜನ ಫುಲ್, ಗಲ್ಲಾಪೆಟ್ಟಿಗೆಲಿ ಉಳಿಯೋದು ಮಾತ್ರ ಕಡಿಮೆ. ದಿನಸಿಲಿ ನೂರು ರೂಪಾಯಿ ವ್ಯಾಪಾರಕ್ಕೆ ಎಲ್ಲಾ ಖರ್ಚು ಕಳೆದು ಉಳಿಯೋದೇ ಕೆಲವು ರೂಪಾಯಿ, ಬಾಡಿಗೆ ಕರೆಂಟು ಅಂತೂ ಗಿರಾಕಿ ಬಂದ್ರೂ ಕಟ್ಬೇಕು ಬರ್ದಿದ್ರೂ ಕಟ್ಬೇಕು.

ನಮ್ಮಲ್ಲೂ ಎಲ್ಲಾ ಸರಿ ಇದೆ ಅಂತ ನಾನು ಹೇಳಲ್ಲ, ಎಲ್ಲಾ ಬ್ರ್ಯಾಂಡ್ ಇಡೋಕೆ ಜಾಗ ಇಲ್ಲ, ಅವ್ರಷ್ಟು ಡಿಸ್ಕೌಂಟ್ ಕೊಡೋಕೆ ಆಗಲ್ಲ. ಆದ್ರೆ ಅಕ್ಕಿಲಿ ಹುಳ ಬಂತು ಅಂತ ಹಳ್ಳಿಯಿಂದ ಫೋನ್ ಬಂದ್ರೆ ಮುಂದಿನ ಸಲ ಬರುವಾಗ ತನ್ನಿ ಅಕ್ಕ ಬದಲಾಯಿಸ್ಕೊಡ್ತೀನಿ ಅಂತ ನಾನೇ ಹೇಳ್ತೀನಿ, ಯಾರ ಅಪ್ರೂವಲ್ಲೂ ಬೇಡ. ಕೆಲವು ಸಲ ಅವ್ರು ತರೋದೂ ಇಲ್ಲ, ಹೇಳಿದ ಮಾತೇ ಸಾಕಾಗಿರತ್ತೆ.

ಮತ್ತೆ ನಮ್ಮ ಕಡೆ ಸುದ್ದಿ ಓಡೋ ರೀತಿ ಬೇರೆ. ಒಂದು ಮದುವೆ ಮನೇಲಿ ಪಾತ್ರೆ ಎಲ್ಲಿ ತಗೊಂಡ್ರಿ ಅಂತ ಮಾತು ಬಂತು ಅಂದ್ರೆ ಮೂರು ತಾಲೂಕಿನ ನೆಂಟರು ಕೇಳಿಸ್ಕೊಳ್ತಾರೆ. ತುಂಗೆದಂಡೆ ಅವ್ರ ಅಮ್ಮ ಆ ಜಾರ್ ಕಥೆ ಎಷ್ಟು ಮನೇಲಿ ಹೇಳಿರ್ಬಹುದು ಲೆಕ್ಕ ಹಾಕಿ.

---

ವಕೀಲೆ_ಶಿವಮೊಗ್ಗ:

ಚರ್ಚೆ ಚೆನ್ನಾಗಿದೆ, ಆದ್ರೆ ಜಾರ್ ವಿಷಯ ಯಾರೂ ಮುಗಿಸ್ಲಿಲ್ಲ. ಅಮ್ಮನ ಹತ್ರ ಬಿಲ್ ಇದೆ ತಾನೇ? ಹಾಗಿದ್ರೆ ಬಿಡ್ಬೇಡಿ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆ, 2020ರ ಜುಲೈನಿಂದ ಜಾರಿಲಿರೋದು, ಅದರ ಪ್ರಕಾರ ದೋಷ ಇರೋ ಮಾಲನ್ನ ಬಿಲ್‌ನಲ್ಲಿ ಹೇಳಿರೋ ಅವಧಿ ಒಳಗೆ ತಂದ್ರೆ ಮಾರಿದವ್ರು ವಾಪಸ್ ತಗೊಳ್ಳಲ್ಲ ಅನ್ನೋ ಹಾಗಿಲ್ಲ, ಬಿಲ್‌ನಲ್ಲಿ ಅವಧಿ ಬರ್ದಿಲ್ಲ ಅಂದ್ರೆ 30 ದಿನ. ವಾಪಸ್ ತಗೊಳ್ದೇ ಇರೋದನ್ನ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿ ಅಂತಾನೇ ಕರೆಯತ್ತೆ. ಬಿಲ್ ಕೊಡ್ದೇ ಇರೋದೂ ಅದೇ ಪಟ್ಟಿಲಿದೆ. "ಮಾರಿದ ಮಾಲು ವಾಪಸ್ ಇಲ್ಲ" ಅಂತ ಬೋರ್ಡ್ ಹಾಕಿಬಿಟ್ರೆ ಈ ಹೊಣೆ ತಪ್ಪಲ್ಲ. ಸರ್ವಿಸ್ ಸೆಂಟರ್‌ಗೆ ಹೋಗಿ ಅಂತ ಕೈ ತೊಳ್ಕೊಳ್ಳೋಕೆ ಅವ್ರಿಗೆ ಅವಕಾಶ ಇಲ್ಲ, ದುಡ್ಡು ತಗೊಂಡಿದ್ದು ಅವ್ರು.

ಮೊದಲು 1915ಕ್ಕೆ ಫೋನ್ ಮಾಡಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಲ್ಲಿ ಕನ್ನಡದಲ್ಲೂ ಮಾತಾಡ್ಬಹುದು, ಅಮ್ಮನೇ ಮಾಡ್ಬಹುದು. ಎಷ್ಟೋ ದೂರು ಆ ಹಂತದಲ್ಲೇ ಮುಗಿಯತ್ತೆ. ಆಗ್ಲಿಲ್ಲ ಅಂದ್ರೆ ಶಿವಮೊಗ್ಗದ ಜಿಲ್ಲಾ ಗ್ರಾಹಕರ ಆಯೋಗ ಇದೆ. ಕಂಪನಿ ಹೆಡ್ ಆಫೀಸ್ ಎಲ್ಲೇ ಇರ್ಲಿ, ನೀವು ವಾಸ ಮಾಡೋ ಜಿಲ್ಲೇಲೇ ದೂರು ಕೊಡ್ಬಹುದು, ಎರಡು ವರ್ಷದ ಒಳಗೆ ಕೊಡ್ಬೇಕು. ಮಾಲಿನ ಬೆಲೆ 5 ಲಕ್ಷದ ತನಕ ಇದ್ರೆ ದೂರಿಗೆ ಶುಲ್ಕ ಇಲ್ಲ, ವಕೀಲರನ್ನ ಇಡ್ಲೇಬೇಕು ಅಂತಲೂ ಇಲ್ಲ, ವಕೀಲೆಯಾಗಿ ನಾನೇ ಹೇಳ್ತಿದೀನಿ.

ಸಣ್ಣ ವಿಷಯ ಅಂತ ಸುಮ್ನಾಗೋರಿಗೆ ಒಂದು ಕೇಸ್ ಹೇಳ್ತೀನಿ. 2019ರಲ್ಲಿ ಚಂಡೀಗಢದಲ್ಲಿ ಬಾಟಾ ಅಂಗಡಿಯವ್ರು ಕಾಗದದ ಚೀಲಕ್ಕೆ 3 ರೂಪಾಯಿ ತಗೊಂಡ್ರು ಅಂತ ಒಬ್ಬರು ದೂರು ಕೊಟ್ರು, ಚೀಲದ ಮೇಲೆ ಕಂಪನಿದೇ ಜಾಹೀರಾತು. ಅಲ್ಲಿನ ಗ್ರಾಹಕರ ವೇದಿಕೆ ಪರಿಹಾರ, ಖರ್ಚು, ಕಾನೂನು ನೆರವಿನ ಖಾತೆಗೆ ಕಟ್ಟೋದು ಎಲ್ಲಾ ಸೇರಿಸಿ 9,000 ರೂಪಾಯಿ ಹಾಕ್ತು. ಆ ಸುದ್ದಿ ದೇಶದ ಎಷ್ಟೋ ಪೇಪರ್‌ನಲ್ಲಿ ಬಂತು. ಕಂಪನಿಗೆ 9,000 ಏನೂ ಅಲ್ಲ, ಪೇಪರ್‌ನಲ್ಲಿ ಬಂದಿದ್ದಕ್ಕೆ ಬೆಲೆ ಕಟ್ಟೋಕಾಗಲ್ಲ.

ಹಾಗೇ ಬಿಲ್ ಹಾಕುವಾಗ ಮೊಬೈಲ್ ನಂಬರ್ ಕೊಟ್ರೇನೇ ಬಿಲ್ ಅಂತ ಹಠ ಮಾಡ್ತಾರಲ್ಲ, ಹಾಗೆ ಒತ್ತಾಯ ಮಾಡ್ಬಾರ್ದು ಅಂತ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇನಲ್ಲೇ ಅಂಗಡಿಯವ್ರಿಗೆ ತಿಳಿಸಿದೆ. ಕೊಡಲ್ಲ ಅಂತ ಧೈರ್ಯವಾಗಿ ಹೇಳಿ.

---

ತುಂಗೆದಂಡೆ (ವಿನೋಬನಗರ, ಶಿವಮೊಗ್ಗ):

ಎಲ್ರಿಗೂ ತುಂಬಾ ಥ್ಯಾಂಕ್ಸ್. ಇಷ್ಟು ವಿವರವಾಗಿ ಬರೀತೀರಿ ಅಂದ್ಕೊಂಡಿರ್ಲಿಲ್ಲ. ಮೇಡಂ, ಬಿಲ್ ಇದೆ, ಅಮ್ಮನ ಹತ್ರ 1915ಕ್ಕೆ ಫೋನ್ ಮಾಡಿಸ್ತೀನಿ.

ಹಳೇಸೇತುವೆ ಅಣ್ಣ, ನಿಮ್ಮ ಮಾತು ಓದಿದ ಮೇಲೆ ಬರೀ ಜಾರ್ ವಾಪಸ್ ತಗೊಂಡು ಸುಮ್ನಾಗೋಕೆ ಮನಸಿಲ್ಲ. ಆ ಅಂಗಡಿ ಹಾಳಾಗ್ಲಿ ಅಂತ ನಂಗೇನೂ ಇಲ್ಲ, ಅಲ್ಲಿ ಕೆಲಸ ಮಾಡೋರೆಲ್ಲಾ ನಮ್ಮ ಗೋಪಾಳ, ಆಲ್ಕೊಳ ಕಡೆ ಹುಡುಗ ಹುಡುಗಿಯರೇ. ಮೇಲಿನವ್ರಿಗೆ ತಲುಪೋ ಹಾಗೆ ಒಂದು ಪತ್ರ ಬರೀಬೇಕು ಅಂದ್ರೆ ಯಾರಿಗೆ ಬರೀಬೇಕು, ಏನು ಬರೀಬೇಕು? ಕಸ್ಟಮರ್ ಕೇರ್‌ಗೆ ಮೇಲ್ ಮಾಡಿದ್ರೆ "ತೊಂದರೆಗೆ ವಿಷಾದಿಸುತ್ತೇವೆ" ಅಂತ ರೆಡಿ ಇರೋ ಉತ್ತರ ಬರತ್ತೆ ಅಷ್ಟೆ.

---

ಹಳೇಸೇತುವೆ (ಭದ್ರಾವತಿ):

ಬರೀರಿ, ಖಂಡಿತ ಬರೀರಿ. ನಾವು ಒಳಗಿಂದ ಎಷ್ಟು ಹೇಳಿದ್ರೂ "ಸ್ಟಾಫ್ ನೆಪ ಹೇಳ್ತಾರೆ" ಅಂತ ತಳ್ಳಿಹಾಕ್ತಾರೆ, ಗಿರಾಕಿ ಬರ್ದಿದ್ದಕ್ಕೆ ಮಾತ್ರ ಉತ್ತರ ಕೊಡ್ಲೇಬೇಕಾಗತ್ತೆ.

ಕಂಪನಿ ವೆಬ್‌ಸೈಟ್‌ನಲ್ಲಿ ದೂರು ಅಧಿಕಾರಿ ಅಂತ ಹೆಸರು, ಮೇಲ್ ಕೊಟ್ಟಿದ್ರೆ ಅವ್ರಿಗೆ ಕಳಿಸಿ, ಕಸ್ಟಮರ್ ಕೇರ್‌ಗೂ ಕಾಪಿ ಹಾಕಿ. ಬಿಲ್ ನಂಬರ್, ಬಿಲ್ ಮೇಲಿರೋ ಸ್ಟೋರ್ ಕೋಡ್, ತಾರೀಖು, ಟೈಮ್ ಇವೆಲ್ಲಾ ಮೊದಲ ಸಾಲಲ್ಲೇ ಇರ್ಲಿ, ಅದು ಇಲ್ದೇ ಇದ್ರೆ ಯಾವ ಅಂಗಡಿ ಅಂತಾನೇ ಗೊತ್ತಾಗ್ಲಿಲ್ಲ ಅಂತ ಕ್ಲೋಸ್ ಮಾಡಿಬಿಡ್ತಾರೆ. ರೇಟು ಬೇರೆ ಬೇರೆ ಇದ್ದಿದ್ದಕ್ಕೆ ರ‍್ಯಾಕ್ ಚೀಟಿ ಫೋಟೋ, ಬಿಲ್ ಫೋಟೋ ಎರಡೂ ಹಾಕಿ. ಸರ್ವಿಸ್ ಚೆನ್ನಾಗಿಲ್ಲ ಅಂತ ಒಂದು ಮಾತಲ್ಲಿ ಬರೀಬೇಡಿ, ಭಾನುವಾರ ಸಂಜೆ ಇಷ್ಟು ಕೌಂಟರ್ ಇದ್ವು, ಇಷ್ಟು ಮಾತ್ರ ಓಪನ್ ಇದ್ವು ಅಂತ ಎಣಿಸಿ ಬರೀರಿ. ಅದು ಮ್ಯಾನ್‌ಪವರ್ ವಿಷಯ ಅಂತ ಓದಿದವನಿಗೆ ತಕ್ಷಣ ಗೊತ್ತಾಗತ್ತೆ, ಆ ದೂರು ಏರಿಯಾ ಮ್ಯಾನೇಜರ್ ಟೇಬಲ್‌ಗೆ ಹೋಗತ್ತೆ. ನಿಮ್ಮ ಮನೆಯವ್ರು ವರ್ಷಕ್ಕೆ ಅಲ್ಲಿ ಎಷ್ಟು ಖರ್ಚು ಮಾಡ್ತಿದ್ರಿ ಅನ್ನೋದನ್ನೂ ಬರೀರಿ, ಅವ್ರ ಅಂಗಡಿಯ ಮೆಂಬರ್ ಕಾರ್ಡ್ ಇದ್ರೆ ಆ ನಂಬರ್ ಹಾಕಿ, ಅವ್ರೇ ತೆಗೆದು ನೋಡ್ಲಿ. ಕನ್ನಡದಲ್ಲಿ ಫೋನ್ ಇಲ್ಲ ಅನ್ನೋದನ್ನ ಬೇರೆ ಮೇಲ್‌ನಲ್ಲಿ ಹಾಕಿ, ಒಂದರಲ್ಲೇ ಎಲ್ಲಾ ಸೇರಿಸಿದ್ರೆ ಸುಲಭದ್ದಕ್ಕೆ ಮಾತ್ರ ಉತ್ತರ ಕೊಟ್ಟು ಮುಗಿಸ್ತಾರೆ.

ಇನ್ನೊಂದು, ಇದನ್ನ ದಯವಿಟ್ಟು ಮರೀಬೇಡಿ. ಬಿಲ್ ಮೇಲೆ ಕ್ಯಾಶಿಯರ್ ಹೆಸರು ಪ್ರಿಂಟ್ ಆಗಿರತ್ತೆ, ಫೋಟೋ ಹಾಕುವಾಗ ಅದನ್ನ ಮುಚ್ಚಿ, ಕೌಂಟರ್ ಹುಡುಗನ ಬಗ್ಗೆನೂ ಹೆಸರು ಹಿಡಿದು ಬರೀಬೇಡಿ. ಹೆಸರು ಸಿಕ್ತು ಅಂದ್ರೆ ಅವ್ರನ್ನ ಮನೆಗೆ ಕಳಿಸಿ "ಕ್ರಮ ತಗೊಂಡಿದೀವಿ" ಅಂತ ನಿಮಗೊಂದು ಉತ್ತರ ಬರತ್ತೆ, ಮರುದಿನ ಅದೇ ಕೌಂಟರ್‌ನಲ್ಲಿ ಇನ್ನೊಬ್ಬ ಹೊಸ ಹುಡುಗ ನಿಂತಿರ್ತಾನೆ, ಅವನಿಗೂ ಸರ್ವಿಸ್ ಸೆಂಟರ್ ಎಲ್ಲಿದೆ ಅಂತ ಯಾರೂ ಹೇಳ್ಕೊಟ್ಟಿರಲ್ಲ.